ಏಳನೆಯ ಫೋಲ್ಡರ್

೧೪ ನವೆಂಬರ್, ಗುರುವಾರ

ಅಕ್ಕನ ನಗುವನ್ನು ಇವತ್ತು ನಾನೇ ಅಳಿಸಿದೆ. ನಾಳೆ ಅವಳ ಗಂಟಲಿನ ಆಪರೇಶನ್. ಆಮೇಲೆ ದನಿ ಇರುವುದಿಲ್ಲ. ದಿನಕ್ಕೊಂದು ಫೋಲ್ಡರಿನಂತೆ ಮೂರು ವಾರ ಅವಳ ಮಾತು ರೆಕಾರ್ಡ್ ಮಾಡಿದ್ದೆವು. ಏಳನೆಯ ದಿನ ಬರೀ ಕೆಮ್ಮು. ಅದನ್ನು ತೆಗೆಯಲು ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರೆದೆ: ಫೋಲ್ಡರಿನ ಹೆಸರಿನಲ್ಲಿ 7 ಕಂಡರೆ ಅಳಿಸು. ಆ ಅಂಕಿ ಒಂಟಿಯಾಗಿಯೇ ಇರಬೇಕು ಎನ್ನುವ ಗುರುತನ್ನು ಹಾಕಲು ಮರೆತೆ. ಹದಿನೇಳನೆಯ ದಿನದ ಫೋಲ್ಡರೂ ಹೋಯಿತು. ಅವಳು ನಕ್ಕಿದ್ದು ಆ ದಿನ ಮಾತ್ರ. ನಕಲು ಇಟ್ಟಿರಲಿಲ್ಲ, ನಕಲು ಇಡಿ ಎಂದು ಊರಿಗೆಲ್ಲ ಹೇಳುವುದೇ ನನ್ನ ಉದ್ಯೋಗ.

ಅಕ್ಕನಿಗೆ ಹೇಳಿದೆ.

"ಅಯ್ಯೋ ಪಂಡಿತ, ನೊಣ ಹೊಡೆಯೋಕೆ ಹೋಗಿ ಮೂಗನ್ನೇ ಕೊಯ್ದ್ಯಲ್ಲೋ! ಹಾಕು ಮೈಕು, ಮತ್ತೆ ನಗ್ತೀನಿ."

ಆ ದಿನ ಯಾಕೆ ನಕ್ಕಿದ್ದಳೆಂದು ಇಬ್ಬರಿಗೂ ನೆನಪಾಗಲಿಲ್ಲ.

"ಸುಮ್ನೆ ನಗು ಅಂದ್ರೆ ಹೇಗೋ ನಗಲಿ? ನೀನೇ ಏನಾದ್ರೂ ಹೇಳು."

ನನಗೇನೂ ಹೊಳೆಯಲಿಲ್ಲ. ಕೊನೆಗೆ ನನ್ನ ಮುಖ ನೋಡಿ ನಕ್ಕಳು. ಮೂರು ಕಡೆ ಉಳಿಸಿದೆ.

ಈಗ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ನಗುವಿಗೆ ಮುಂಚೆ ಅವಳು ಉಸಿರು ಬಿಗಿಹಿಡಿದದ್ದು ಸ್ಪಷ್ಟವಾಗಿದೆ. ಇಷ್ಟು ದಿನ ಅವಳಿಗೆ ಭಯವೇ ಇಲ್ಲವೆಂದುಕೊಂಡಿದ್ದೆ. ಪಕ್ಕದ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ. ಎದ್ದು ಹೋಗಿ ಅವಳ ಹತ್ತಿರ ಕೂರುತ್ತೇನೆ.