ಮೊದಲ ಸಾಲಿಗೆ ಮಾತ್ರ ಹತ್ತು ಅಂಕ

೧೮ ಜೂನ್ ೨೦೦೧
ಖಾನಾಪುರದಿಂದ ಆಫೀಸಿಗೆ ಇವತ್ತೂ ಬಸ್ಸಿನಲ್ಲಿ ನಿಂತೇ ಬಂದೆ. ನರ್ಸಿಂಗ್ ಸ್ಕೂಲಿನ ಮೆರಿಟ್ ಲಿಸ್ಟ್ ನನ್ನ ತಲೆಗೇ. ಆಫೀಸಿನಲ್ಲಿ ಕಂಪ್ಯೂಟರ್ ಬರುವುದು ನನಗೊಬ್ಬಳಿಗೇ... ಮೂರು ತಿಂಗಳ ಕ್ಲಾಸು! ಪ್ರವೇಶ ಪರೀಕ್ಷೆಯ ಅಂಕಗಳನ್ನು ಜೊತೆಯ ಗುಮಾಸ್ತ ಗುರುಸಿದ್ದ ಓದಿದ, ನಾನು ಟೈಪ್ ಮಾಡಿದೆ. ಹಳ್ಳಿ ಶಾಲೆಯವರಿಗೆ ಹತ್ತು ಅಂಕ ಹೆಚ್ಚು. ಆ ಹತ್ತನ್ನು ಕಂಪ್ಯೂಟರಿನ ಕೋಷ್ಟಕದಲ್ಲಿ ಮೇಲೆ, ಎಫ್ ಒನ್ ಎಂಬ ಮನೆಯಲ್ಲಿಟ್ಟೆ. ಮೊದಲ ಹೆಸರು ಮುಗ್ಧಾ — ಸೂಪರಿಂಟೆಂಡೆಂಟ್ ಪಂಢರಿನಾಥ ಸರ್ ಅವರ ಅಣ್ಣನ ಮಗಳು. ಇಲ್ಲಿ ಯಾವ ಪಟ್ಟಿಯಾದರೂ ತಮ್ಮವರಿಂದಲೇ ಶುರು. ನನ್ನ ತಂಗಿ ಲಕ್ಷ್ಮೀ ನಲವತ್ತೊಂದನೇ ಸಾಲು; ಇಬ್ಬರೂ ಹಳ್ಳಿ ಶಾಲೆಯವರೇ. ಹಳ್ಳಿ ಶಾಲೆಯಾದರೆ ಎಫ್ ಒನ್‌ನ ಹತ್ತು ಕೂಡಿಸು ಎಂಬ ಫಾರ್ಮುಲಾವನ್ನು ಮುಗ್ಧಾಳ ಸಾಲಿಗೆ ಹಾಕಿ ಕೊನೆಯವರೆಗೂ ಎಳೆದೆ. ಅರ್ಧ ನಿಮಿಷದ ಕೆಲಸ. ಸರ್ ಶಹಬ್ಬಾಸ್ ಅಂದರು.

೨೧ ಜೂನ್
ಲಿಸ್ಟ್ ಹಚ್ಚಿದರು. ಮೂವತ್ತು ಸೀಟು. ಲಕ್ಷ್ಮೀ ಇಲ್ಲ. ಅರವತ್ತಾರು ಅಂಕ. ಹತ್ತು ಸೇರಿಸಿಯೂ ಇಷ್ಟೇನಾ ಎಂದು ಬೈದೆ. ಅವಳು ಪಾತ್ರೆ ತಿಕ್ಕುತ್ತ ಕೂತಳು. ಸೀಟು ಸಿಗದಿದ್ದರೆ ಮದುವೆ ಎಂದು ಅವ್ವ ಮೊದಲೇ ಹೇಳಿದ್ದಳು. ಗಂಡಿನ ಕಡೆಯವರಿಗೆ ಹೇಳಿ ಕಳಿಸಿದ್ದಾಳೆ.

೨೩ ಜೂನ್, ಮಧ್ಯಾಹ್ನ
ಯಾಕೋ ಫೈಲ್ ತೆರೆದೆ. ಲಕ್ಷ್ಮೀಯ ಸಾಲಿನ ಫಾರ್ಮುಲಾ ಎಫ್ ನಲವತ್ತೊಂದರಲ್ಲಿ ಹತ್ತು ಹುಡುಕುತ್ತಿದೆ. ಅಲ್ಲೇನಿದೆ, ಮಣ್ಣು? ಖಾಲಿ. ಡಾಲರ್ ಚಿಹ್ನೆ ಹಾಕಿ ಎಫ್ ಒನ್ ಅನ್ನು ಕಟ್ಟಿಹಾಕಿರಲಿಲ್ಲ. ಎಳೆದ ಹಾಗೆ ಅದೂ ಒಂದೊಂದೇ ಮನೆ ಕೆಳಗೆ ಇಳಿದಿದೆ. ಹತ್ತು ಸಿಕ್ಕಿದ್ದು ಮುಗ್ಧಾಳಿಗೊಬ್ಬಳಿಗೇ. ಸರಿಮಾಡಿ ನೋಡಿದೆ. ಲಕ್ಷ್ಮೀ ಎಪ್ಪತ್ತಾರು, ಒಳಗೆ. ಮುಗ್ಧಾ ಹೊರಗೆ.

ಸರ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಎದ್ದು ಬಾಗಿಲು ಮುಂದೆ ಮಾಡಿದರು.

"ಲಿಸ್ಟ್ ಮಾಡಿದಾಕಿ ನೀನು. ಮುಗ್ಧಾಗಷ್ಟ ಹತ್ತು ಕೊಟ್ಟಾಕಿನೂ ನೀನು. ಕಮಿಟಿ ಮುಂದ ಬಂದು ಹೇಳ್ತೀ ಏನು?"

ಟೆಂಪರರಿ ನಾನು. ಸರಿಮಾಡಿದ್ದನ್ನು ಅಳಿಸಿದೆ. ಹಳೇ ಫೈಲನ್ನೇ ಇಟ್ಟು ಬಂದೆ. ಥೂ, ನನ್ನ ಜನ್ಮಕ್ಕೆ.

೯ ಜುಲೈ
ನನ್ನನ್ನು ಪರ್ಮನೆಂಟ್ ಮಾಡಿದರು. ಆರ್ಡರ್ ಕೊಡುವಾಗ ಸರ್ ನಕ್ಕರು. ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ಗಂಡಿನವರೂ ಒಪ್ಪಿದ್ದಾರೆ. ನನ್ನ ಪೇಢೆ ತಟ್ಟೆಯಲ್ಲೇ ಉಳಿಯಿತು.

೧೫ ಜುಲೈ, ಭಾನುವಾರ
ಲಕ್ಷ್ಮೀ ತನ್ನ ಪುಸ್ತಕಗಳನ್ನು ರದ್ದಿಯವನಿಗೆ ಕಟ್ಟುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಅಕ್ಕಾ, ಹತ್ತು ಬಿಟ್ರ ಬರೇ ಐವತ್ತಾರ ಬಿದ್ದಿದ್ವೇನು ನನಗ?"

ಹೂಂ ಅಂದೆ.

"ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ ಬಿಡು," ಅಂದಳು. ಗಂಟು ಹಾಕಲು ನನ್ನ ಬೆರಳು ಕೇಳಿದಳು. ಹಗ್ಗದ ಮೇಲೆ ಇಟ್ಟೆ. ಅವಳು ಎಳೆದು ಬಿಗಿ ಮಾಡುವಾಗ ನಾನು ಬೆರಳು ತೆಗೆಯಲಿಲ್ಲ.