ಹ್ಯಾಪಿ ಎನ್ನಲು ಕಾರಣ ಬೇಡ

ಅಪ್ಪಾ,

‘ಸುಖವೆಂಬುದು ಪಕ್ಕದ ಕೋಣೆಯ ದೀಪ’ ಎಂದೇನೋ ಒಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನದು ನೆನಪಾಗುತ್ತಿಲ್ಲ. ಆ ಕೋಣೆಯಲ್ಲಿ ದೀಪ ಹಚ್ಚುವವರೇ ಇಲ್ಲದಿದ್ದರೆ ಅದು ಎಂಥ ಸುಖ?

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ನಿನ್ನ ಪಾಠದ ಕೋಣೆಗೆ ಕಾಲಿಟ್ಟೆ. ಕರಿಹಲಗೆಯ ಮೇಲೆ ಕೊನೆಯ ಇಂಗ್ಲಿಷ್ ಪಾಠ ಹಾಗೇ ಇತ್ತು. ಗ್ಲ್ಯಾಡ್ ಎನ್ನಲು ಒಂದು ಕಾರಣ ಬೇಕು. ಕಂಟೆಂಟ್ ಆದವರಿಗೆ ಇನ್ನೇನೂ ಬೇಡ. ಹ್ಯಾಪಿ ಎನ್ನಲು ಕಾರಣವೇ ಬೇಡ. ಎಲ್ಲಕ್ಕಿಂತ ಕೆಳಗೆ, ಫೈನ್ ಎಂದವರನ್ನು ಮತ್ತೆ ಕೇಳಬಾರದು ಎಂದು ನೀನು ಬರೆದಿದ್ದೆ.

ನಾನು ಕೆಲಸದಿಂದ ಬಂದೊಡನೆ ನೀನು ದಿನವೂ “ಇವತ್ತು ಯಾವ ಪದ, ಮಗಳೇ?” ಎನ್ನುತ್ತಿದ್ದೆ. ನಾನು ಚಪ್ಪಲಿ ಬಿಡುತ್ತಲೇ “ಫೈನ್ ಅಪ್ಪಾ” ಎಂದು ಒಳಗೆ ಹೋಗುತ್ತಿದ್ದೆ.

ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಕ್ಷರ ಹೋದವು, ಬಿಳುಪು ಹೋಗಲಿಲ್ಲ, ಬೂದಿ ಬಳಿದಂತಾಯಿತು.

ಅಷ್ಟರಲ್ಲಿ ಎದುರು ಮನೆಯ ಟೈಲರ್ ಅಕ್ಕ, ನೀನು ಕೊಟ್ಟಿಟ್ಟಿದ್ದ ಬೀಗದ ಕೈ ಹಿಂತಿರುಗಿಸಲು ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು.

“ಮೇಷ್ಟ್ರು ದಿನಾ ನನ್ ಹತ್ರ ಪಂದ್ಯ ಕಟ್ಟೋರು ಕಣಮ್ಮಾ, ‘ಇವತ್ತು ನನ್ ಮಗಳು ಹ್ಯಾಪಿ ಅಂತಾಳೆ, ನೋಡ್ತಿರು’ ಅಂತ. ಸೋತೋರು ಟೀ ಮಾಡ್ಬೇಕಿತ್ತು. ನನಗೆ ಒಂದು ದಿನಾನೂ ಮಾಡೋ ಪಾಳಿ ಬರ್ಲಿಲ್ಲ.”