ಎಡಕ್ಕೆ ಬಿದ್ದ ಹೂವು

ಸೊರಬ
೧೪-೧೧-೫೮

ಅಕ್ಕಾ,

ಡಾಕ್ಟರ ಔಷಧಿಗೆ ಬದಲಾಗಿ ಬೇರು, ಹರಕೆಗಳು ಏನು ಮಾಡುತ್ತವೆಂದು ತಿಳಿಯಲು ಶಿಕಾರಿಪುರವನ್ನು ಸುತ್ತಿ ಇಲ್ಲಿಗೆ ಬಂದೆ. ಕ್ಷಯಕ್ಕೆ ಮದ್ದು ಕೊಡುವ ಹುಲಿಯಪ್ಪನವರನ್ನು ನಿನ್ನೆ ಕುಪ್ಪಗಡ್ಡೆಯ ಕಡೆ ಕಂಡೆ. ಅವರ ಮದ್ದು ತಿಂದವರು ಯಾರೂ ಸತ್ತಿಲ್ಲವೆಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳಲ್ಲ. ಮೊದಲು ಅಮ್ಮನವರ ಮೂರ್ತಿಗೆ ಹೂವಿಟ್ಟು ಅಪ್ಪಣೆ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಮದ್ದು, ಎಡಕ್ಕೆ ಬಿದ್ದರೆ ಇಲ್ಲ. ನಡೆದು ಬಂದವರಿಗೆಲ್ಲ ಬಲಕ್ಕೆ ಬಿತ್ತು, ಹೊತ್ತು ತಂದವರಿಗೆಲ್ಲ ಎಡಕ್ಕೆ.

ಭಾವ ಹಾಸಿಗೆ ಬಿಟ್ಟು ಏಳುತ್ತಿಲ್ಲವೆಂದು ಹೇಳಿದೆ. ಎಡಕ್ಕೇ ಬಿತ್ತು. ದೇವರನ್ನು ನಂಬದ ನಾನು, "ಇನ್ನೊಂದು ಸಲ ಕೇಳಿ ನೋಡಿ" ಎಂದೆ.

"ಇದೇನು ಬದನೆಕಾಯಿ ವ್ಯಾಪಾರಾನಾ ಸ್ವಾಮಿ, ಚೌಕಾಸಿ ಮಾಡೋಕೆ?" ಎಂದರು ಹುಲಿಯಪ್ಪ. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನನಗೂ ಇಲ್ಲಿ ಜ್ವರ ಬಂದಿತ್ತು, ಆಸ್ಪತ್ರೆಯ ಮಾತ್ರೆಗೆ ಇಳಿಯಿತು.

ನನ್ನ ಕಾಗದ ನಂಬಿ ನೀನು ಇಂಜೆಕ್ಷನ್ ನಿಲ್ಲಿಸಿದ್ದೀಯ. ಇವತ್ತೇ ಕಾಂಪೌಂಡರನ್ನು ಕರೆಸಿ ಮತ್ತೆ ಶುರು ಮಾಡಿಸು. ಸೂಜಿ ಬೇಡವೆಂದು ಭಾವ ಹಟ ಹಿಡಿಯುತ್ತಾರೆ, ಡಾಕ್ಟರ ಮಾತನ್ನೂ ನನ್ನ ಮಾತನ್ನೂ ಕೇಳುವುದಿಲ್ಲ. ಹೂ ಬಲಕ್ಕೆ ಬಿತ್ತು, ಇಂಜೆಕ್ಷನ್ ತಗೋ ಅಂತ ಅಮ್ಮನವರ ಅಪ್ಪಣೆ ಆಗಿದೆ ಎಂದು ಹೇಳು. ಅದನ್ನು ಕೇಳುತ್ತಾರೆ.

ಅವರ ಕಣ್ಣಿಗೆ ಬೀಳುವ ಮೊದಲು ಈ ಕಾಗದವನ್ನು ಒಲೆಗೆ ಹಾಕು.

ನಿನ್ನ ತಮ್ಮ,
ಗುರುಪಾದ